‘ಸೈಟೊಕೈನ್ ಸ್ಟಾರ್ಮ್’ಗೆ ಕನ್ನಡದಲ್ಲಿ ಏನನ್ನೋಣ?

ಗದಗದಿಂದ ಪ್ರಶ್ನೆ:
ಆಶಾ ಕಾರ್ಯಕರ್ತೆಯರಿಗಾಗಿ ಫ್ಲೂ ಕೈಪಿಡಿಯೊಂದು ಸಿದ್ಧವಾಗುತ್ತಿದೆ. ‘ಸೈಟೊಕೈನ್ ಸ್ಟಾರ್ಮ್’ ಅನ್ನುವುದಕ್ಕೆ ಕರಡಿನಲ್ಲಿ ‘ರೋಗನಿರೋಧಕ ಶಕ್ತಿಯ ಹೆಚ್ಚಳ’ ಎಂದಿದೆ. ಓದಿದವರು ‘ಶಕ್ತಿ ಹೆಚ್ಚಾದರ ಛಲೋನ ಅಲ್ಲೇನ್ರಿ?’ ಅಂತಾರೆ. ಬೇರೆ ಪದ ಇದೆಯೇ?

ಧಾರವಾಡದಿಂದ ಉತ್ತರ:
ಅವರು ಕೇಳಿದ್ದು ಸರಿಯಾಗೇ ಇದೆ ರೀ. ‘ಶಕ್ತಿ’ ಎಂಬ ಮಾತೇ ಇಲ್ಲಿ ದಾರಿ ತಪ್ಪಿಸುತ್ತದೆ. ಆಗುವುದು ಹೀಗೆ: ವೈರಸ್ ಹೊಕ್ಕ ಕೋಶಗಳೂ ಅಲ್ಲಿನ ಕಾವಲು ಕೋಶಗಳೂ ಇಂಟರ್‌ಫೆರಾನ್, ಇಂಟರ್‌ಲ್ಯೂಕಿನ್-6, ಟಿಎನ್‌ಎಫ್ ಮುಂತಾದ ಪ್ರೋಟೀನುಗಳನ್ನು ಬಿಟ್ಟು ನೆರವು ಕರೆಯುತ್ತವೆ. ಇವೇ ಸೈಟೊಕೈನ್. ಜ್ವರ, ಮೈಕೈ ನೋವು ಬಹುಮಟ್ಟಿಗೆ ಇವುಗಳದೇ ಕೆಲಸ. ಕರೆ ನಿಲ್ಲದೇ ಹೋದರೆ ಬಿಳಿ ರಕ್ತಕಣಗಳು ಶ್ವಾಸಕೋಶಕ್ಕೆ ಮುಗಿಬೀಳುತ್ತವೆ. ಗಾಳಿಚೀಲಗಳ ಗೋಡೆ ಸೋರಿ ಒಳಗೆ ನೀರು ತುಂಬುತ್ತದೆ. ಆಮ್ಲಜನಕ ರಕ್ತಕ್ಕೆ ಸರಿಯಾಗಿ ದಾಟುವುದಿಲ್ಲ. ಈ ನಿಲ್ಲದ ಕರೆಯೇ ‘ಸೈಟೊಕೈನ್ ಸ್ಟಾರ್ಮ್’. ಹೊಲಕ್ಕೆ ಬಿದ್ದ ದನ ಹೊಡೆಯಲು ಹೋದವರೇ ಪೀಕು ತುಳಿದಂತೆ.

ಹಾಗಾಗಿ ನನ್ನ ಆಯ್ಕೆ ‘ರಕ್ಷಣಾ ಅತಿರೇಕ’. ‘ಅತಿರೇಕ ಮಾಡಬ್ಯಾಡ’ ಎಂಬ ಮಾತು ಮನೆಮನೆಯಲ್ಲೂ ಇದೆ, ಅಳತೆ ತಪ್ಪಿದ್ದು ಕೂಡಲೇ ತಿಳಿಯುತ್ತದೆ. ‘ಸ್ಟಾರ್ಮ್’ ಅಂದರೆ ಬಿರುಗಾಳಿ ನಿಜ, ಆದರೆ ‘ಬಿರುಗಾಳಿ’ ಹೊರಗಿನಿಂದ ಬೀಸುವಂಥದ್ದು. ಇದು ಮೈಯೊಳಗೇ ಏಳುತ್ತದೆ. ‘ಅಲರ್ಜಿ’ ಅಂತೂ ಬೇಡವೇ ಬೇಡ: ಅಲ್ಲಿ ದೇಹ ನಿರುಪದ್ರವಿ ದೂಳಿನ ಮೇಲೆ ಹರಿಹಾಯುತ್ತದೆ, ಇಲ್ಲಿ ಶತ್ರು ನಿಜವಾಗಿಯೂ ಇದ್ದಾನೆ. ಅಂದಹಾಗೆ, ಇಂಗ್ಲಿಷ್ ಪದವೂ ಫ್ಲೂಗೆಂದು ಹುಟ್ಟಿದ್ದಲ್ಲ; 1993ರಲ್ಲಿ ಅದು ಅಚ್ಚಾದದ್ದು ಕಸಿ ಮಾಡಿದ ಕೋಶಗಳು ರೋಗಿಯ ಮೈಮೇಲೇ ತಿರುಗಿಬೀಳುವ ಕಾಯಿಲೆಯ ಬಗ್ಗೆ. ‘ಸೈಟೊಕೈನ್’ ಹಾಗೇ ಇರಲಿ, ಮೊದಲ ಸಲ ಬಂದಲ್ಲಿ ‘ಕೋಶಗಳ ಕರೆ-ಪ್ರೋಟೀನು’ ಎಂದು ಬಿಡಿಸಿ ಹೇಳಿದರೆ ಸಾಕು.

ಒಂದು ಎಚ್ಚರ. ‘ಅತಿರೇಕ’ ಎಂದೊಡನೆ ‘ಹಾಗಾದರೆ ಸ್ಟೆರಾಯ್ಡ್ ಕೊಟ್ಟು ತಗ್ಗಿಸೋಣ’ ಎಂಬ ಯೋಚನೆ ಬರುತ್ತದೆ. ಆಮ್ಲಜನಕ ಬೇಕಾದ ಕೋವಿಡ್ ರೋಗಿಗಳಿಗೆ ದಿನಕ್ಕೆ 6 ಮಿ.ಗ್ರಾಂ ಡೆಕ್ಸಾಮೆಥಸೋನ್ ಎಂಬ ಸ್ಟೆರಾಯ್ಡ್ ನೆರವಾದದ್ದು 2020ರಲ್ಲಿ ಗೊತ್ತಾಯಿತು. ಫ್ಲೂಗೆ ಆ ಲೆಕ್ಕ ಹೊಂದುವುದಿಲ್ಲ: ಸ್ಟೆರಾಯ್ಡ್ ಕೊಟ್ಟರೆ ವೈರಸ್ ಮೈಯಲ್ಲಿ ಹೆಚ್ಚು ದಿನ ಉಳಿಯಬಹುದು, ಬ್ಯಾಕ್ಟೀರಿಯಾ, ಬೂಷ್ಟು ಸೇರಿಕೊಳ್ಳಬಹುದು. ಫ್ಲೂನಲ್ಲಿ ವೈರಸ್ ತಗ್ಗಿಸುವ ಔಷಧ ಒಸೆಲ್ಟಾಮಿವಿರ್ ಮುಖ್ಯ. ವೈದ್ಯರು ಬರೆದರೆ ದೊಡ್ಡವರಿಗೆ ಸಾಮಾನ್ಯವಾಗಿ 75 ಮಿ.ಗ್ರಾಂ, ದಿನಕ್ಕೆ 2 ಸಲ, 5 ದಿನ, ಅದೂ ಲಕ್ಷಣ ಕಂಡ 48 ಗಂಟೆಯೊಳಗೆ ಶುರುವಾದರೆ ಉತ್ತಮ. ಅದಕ್ಕೇ ವಾಕ್ಯದಲ್ಲಿ ‘ವೈರಸ್ ದಾಳಿಯೂ ಅದರ ಬೆನ್ನಿಗೇ ರಕ್ಷಣಾ ಅತಿರೇಕವೂ’ ಎಂದು ಎರಡನ್ನೂ ಕೂಡಿಸಿಯೇ ಬರೆಯಿರಿ.

ಅಪಾಯದ ಲಕ್ಷಣಗಳಲ್ಲಿ ‘ದಮ್ಮು’ ಎಂದಷ್ಟೇ ಹಾಕಬೇಡಿ, ನಮ್ಮ ಕಡೆ ಅದು ಅಸ್ತಮಾಕ್ಕೂ ಸಲ್ಲುತ್ತದೆ. ‘ಕುಂತಲ್ಲೇ ಏದುಸಿರು, ತುಟಿ ನೀಲಿ: ತಡ ಮಾಡದೆ ದವಾಖಾನೆಗೆ’ ಎಂದು ಹಾಕಿ.