2027ರ ಓಪನ್‌ಗೆ ಅಪ್ಪ ಅಮ್ಮನನ್ನು ಸೇಂಟ್ ಆಂಡ್ರ್ಯೂಸ್‌ಗೆ ಕರೆದುಕೊಂಡು ಹೋಗಬೇಕು, ದುಡ್ಡು ಎಲ್ಲಿ ಹಾಕಿದರೆ ಸಾರ್ಥಕ?

ಮಲ್ಲೇಶ್ವರದ ಮಗಳು

ಎಲ್ಲರಿಗೂ ನಮಸ್ಕಾರ. 2027ರ ಜುಲೈನಲ್ಲಿ ಗಾಲ್ಫ್‌ನ 155ನೇ ಓಪನ್ ಚಾಂಪಿಯನ್‌ಶಿಪ್ ಸ್ಕಾಟ್ಲೆಂಡಿನ ಸೇಂಟ್ ಆಂಡ್ರ್ಯೂಸ್‌ನ ಓಲ್ಡ್ ಕೋರ್ಸ್ ಅನ್ನುವ ಗಾಲ್ಫ್ ಮೈದಾನದಲ್ಲಿ ನಡೆಯುತ್ತದೆ. ಈ ಸಲ ಅಪ್ಪನನ್ನು ಕರೆದುಕೊಂಡು ಹೋಗಲೇಬೇಕು ಅಂತ ನಾನೂ ತಮ್ಮನೂ ಗಟ್ಟಿ ಮಾಡಿದ್ದೇವೆ. ಅಪ್ಪನಿಗೆ ಎಪ್ಪತ್ತು ದಾಟಿದೆ, ಈಗಲೂ ಬೆಳಗಿನ ಜಾವ ಎದ್ದು ಕ್ಲಬ್‌ಗೆ ಹೋಗಿ ಆಡಿ ಬರುತ್ತಾರೆ. ಓಪನ್ ನಡೆಯುವ ವಾರ ಊಟ ತಿಂಡಿ ಎಲ್ಲಾ ಟಿವಿ ಮುಂದೆಯೇ. ಅಮ್ಮನಿಗೆ ಗಾಲ್ಫ್ ಅಂದರೆ ಅಷ್ಟಕ್ಕಷ್ಟೆ, ಮಂಡಿ ನೋವು ಬೇರೆ ಇದೆ, ಮೊಟ್ಟೆಯನ್ನೂ ಮುಟ್ಟುವುದಿಲ್ಲ. ಆದರೂ ಬರುತ್ತೇನೆ ಅಂತಿದ್ದಾರೆ.

ಒಬ್ಬ ಟ್ರಾವೆಲ್ ಏಜೆಂಟ್ ಪ್ಯಾಕೇಜ್ ಕೊಟ್ಟಿದ್ದಾರೆ: ಎಡಿನ್‌ಬರೋದಲ್ಲಿ ಫೈವ್ ಸ್ಟಾರ್ ಹೋಟೆಲ್, ನಾಲ್ಕೂ ದಿನ ಹಾಸ್ಪಿಟಾಲಿಟಿ ಟಿಕೆಟ್ (ಊಟ, ಕೂರುವ ಜಾಗ ಸೇರಿದ್ದು), ಡ್ರೈವರ್ ಸಮೇತ ಕಾರು, ಜೊತೆಗೆ ಅದೇ ವಾರ ಅಪ್ಪನಿಗೆ ಓಲ್ಡ್ ಕೋರ್ಸ್‌ನಲ್ಲಿ ಒಂದು ರೌಂಡ್ ಆಟ. ಮೊತ್ತ ನೋಡಿದರೆ ತಲೆ ಗಿರ್ ಅನ್ನುತ್ತದೆ. ಖರ್ಚಿಗೆ ನಾವು ಹಿಂಜರಿಯುವುದಿಲ್ಲ, ಇದಕ್ಕೇ ಅಂತ ಕೂಡಿಟ್ಟಿದ್ದೇವೆ, ಆದರೆ ಸುಮ್ನೆ ದಂಡ ಆಗಬಾರದು. ಅಲ್ಲಿ ಇರುವವರು, ಹೋಗಿ ನೋಡಿ ಬಂದವರು ದಯವಿಟ್ಟು ಹೇಳಿ.

ಟೇ ನದಿ ದಡದಿಂದ

ಮೇಡಂ, ಮೊದಲು ಆ ಏಜೆಂಟ್‌ಗೆ ಫೋನ್ ಮಾಡಿ ಒಂದೇ ಪ್ರಶ್ನೆ ಕೇಳಿ. ಓಪನ್ ನಡೆಯುವ ವಾರ ಓಲ್ಡ್ ಕೋರ್ಸ್‌ನಲ್ಲಿ ಹೊರಗಿನವರು ಹೇಗೆ ಆಡುತ್ತಾರೆ? ಸಾಧ್ಯವೇ ಇಲ್ಲ. ಸೋಮವಾರದಿಂದ ಬುಧವಾರದವರೆಗೆ ಆಟಗಾರರ ಅಭ್ಯಾಸ, ಗುರುವಾರದಿಂದ ಭಾನುವಾರ ಪಂದ್ಯ. ಅದಕ್ಕೂ ಎಷ್ಟೋ ದಿನ ಮೊದಲೇ ಕೋರ್ಸ್ ಮುಚ್ಚಿಬಿಡುತ್ತಾರೆ. ಬಹುಶಃ ಅವರು ಪಕ್ಕದ ಬೇರೆ ಯಾವುದೋ ಕೋರ್ಸ್ ಬಗ್ಗೆ ಹೇಳುತ್ತಿರಬೇಕು. ಯಾವ ಕೋರ್ಸ್, ಯಾವ ದಿನ ಅಂತ ಬರವಣಿಗೆಯಲ್ಲಿ ತೆಗೆದುಕೊಳ್ಳದೆ ಮುಂಗಡ ಕೊಡಬೇಡಿ.

ನಾನು ಡಂಡಿಯಲ್ಲಿ ಇದ್ದೇನೆ, ಸೇಂಟ್ ಆಂಡ್ರ್ಯೂಸ್‌ನಿಂದ ಟೇ ಸೇತುವೆ ದಾಟಿದರೆ ನಮ್ಮೂರು. ನನ್ನ ಪ್ರಕಾರ ದುಡ್ಡು ಹಾಕಬೇಕಾದ್ದು ವಸತಿಗೆ. ಎಡಿನ್‌ಬರೋ ಚೆಂದದ ಊರು, ಅದರಲ್ಲಿ ಎರಡು ಮಾತಿಲ್ಲ, ಆದರೆ ಅಲ್ಲಿಂದ ಸೇಂಟ್ ಆಂಡ್ರ್ಯೂಸ್ ಹತ್ತಿರ ಹತ್ತಿರ 80 ಕಿಲೋಮೀಟರ್. ಬೇರೆ ದಿನಗಳಲ್ಲಿ ಒಂದು ಗಂಟೆ, ಮೇಲೆ ಸ್ವಲ್ಪ. ಓಪನ್ ವಾರದಲ್ಲಿ ಆ ಲೆಕ್ಕ ನಡೆಯುವುದಿಲ್ಲ. ಊರೊಳಗೆ ರಸ್ತೆ ಮುಚ್ಚಿರುತ್ತಾರೆ, ಎಂಥಾ ಐಷಾರಾಮಿ ಕಾರಾದರೂ ಬಾಗಿಲ ತನಕ ಬರುವುದಿಲ್ಲ, ಎಲ್ಲೋ ಇಳಿಸಿ ನಡೆಸುತ್ತಾರೆ. ಊರಿಗೆ ರೈಲು ನಿಲ್ದಾಣವೂ ಇಲ್ಲ, ಹತ್ತಿರದ್ದು ಲೂಕರ್ಸ್, ಅಲ್ಲಿಂದ ಬಸ್. ಅಮ್ಮನ ಮಂಡಿ ನೆನಪಿಟ್ಟುಕೊಂಡು ಯೋಚನೆ ಮಾಡಿ.

ಊರೊಳಗೇ ಒಂದು ಮನೆ ಬಾಡಿಗೆಗೆ ಹಿಡಿಯಿರಿ. ಓಪನ್ ವಾರ ಇಲ್ಲಿಯ ಎಷ್ಟೋ ಮನೆಯವರು ಮನೆ ಬಿಟ್ಟುಕೊಟ್ಟು ರಜಕ್ಕೆ ಹೊರಟುಬಿಡುತ್ತಾರೆ. ಬಾಡಿಗೆ ಸಿಕ್ಕಾಪಟ್ಟೆ. ಆದರೆ ನಿಮ್ಮ ನಾಲ್ಕು ಜನಕ್ಕೆ ಸರಿಹೋಗುವ ಹೋಟೆಲ್ ರೂಮುಗಳ ಜೊತೆ ಹೋಲಿಸಿ ನೋಡಿ, ಮನೆಯೇ ಮೇಲು. ಅಡುಗೆಮನೆ ಸಿಗುತ್ತದೆ, ಅಮ್ಮ ಒಂದು ತಿಳಿಸಾರು ಅನ್ನ ಮಾಡಿಕೊಳ್ಳಬಹುದು. ಮಧ್ಯಾಹ್ನ ಸುಸ್ತಾದರೆ ಬಂದು ಮಲಗಿ ಸಂಜೆ ಮತ್ತೆ ಹೋಗಬಹುದು. ಜುಲೈನಲ್ಲಿ ಇಲ್ಲಿ ರಾತ್ರಿ ಹತ್ತರ ಹತ್ತಿರದವರೆಗೂ ಬೆಳಕು ಇರುತ್ತದೆ. ದುಡ್ಡು ಕಟ್ಟುವ ಮೊದಲು ಮನೆ ಯಾರ ಹೆಸರಲ್ಲಿದೆ, ನಂಬಿಕಸ್ಥ ಸಂಸ್ಥೆಯ ಮೂಲಕ ಬಂದಿದೆಯಾ ನೋಡಿಕೊಳ್ಳಿ.

ಬಿಡದಿ ಬರ್ಡಿ

ನಾನು 2022ರ 150ನೇ ಓಪನ್‌ಗೆ ಹೋಗಿದ್ದೆ. ಆ ವಾರ ಒಟ್ಟು 2 ಲಕ್ಷ 90 ಸಾವಿರ ಜನ ಬಂದಿದ್ದರು, ಟಿಕೆಟ್‌ಗೆ ಅರ್ಜಿ ಹಾಕಿದವರು 13 ಲಕ್ಷ. ಇದರ ಮೇಲೆ ಲೆಕ್ಕ ಹಾಕಿ. ಮಾಮೂಲಿ ಟಿಕೆಟ್ ಲಾಟರಿಯಲ್ಲಿ ಸಿಗುತ್ತದೆ. ಅದಕ್ಕೆ ಓಪನ್‌ನವರದೇ ವನ್ ಕ್ಲಬ್‌ಗೆ ಸೇರಬೇಕು, ಅದು ಪುಕ್ಕಟೆ. ಅರ್ಜಿ ಸಾಮಾನ್ಯವಾಗಿ ಹಿಂದಿನ ವರ್ಷವೇ ಕರೆಯುತ್ತಾರೆ, ಅದನ್ನು ಕಾಯುತ್ತಿರಿ. ಟಿಕೆಟ್ ಬರುವುದು ಫೋನಿನ ಆ್ಯಪ್‌ನಲ್ಲಿ, ಹಾಗಾಗಿ ಎಲ್ಲೋ ಸಿಕ್ಕಿತು ಅಂತ ಅಪರಿಚಿತರಿಂದ ಕೊಂಡರೆ ಗೇಟ್‌ನಲ್ಲಿ ಒಳಗೆ ಬಿಡದೇ ಇರಬಹುದು. ಒಂದೋ ಲಾಟರಿ, ಇಲ್ಲಾ ಅಧಿಕೃತ ಹಾಸ್ಪಿಟಾಲಿಟಿ, ಇಲ್ಲಾ ಅವರದೇ ಮರುಮಾರಾಟ. ನಾಲ್ಕನೆಯ ದಾರಿ ಹಿಡಿಯಬೇಡಿ.

ಈಗ ನೋಡುವ ವಿಷಯ. ಅಪ್ಪ ಟಿವಿಯಲ್ಲಿ ನೋಡಿದ್ದಾರೆ ಅಂದರೆ ಗೊತ್ತಿರುತ್ತದೆ, ಓಲ್ಡ್ ಕೋರ್ಸ್‌ನಲ್ಲಿ ಹೋಗುವ ಹೋಲ್‌ಗಳೂ ಬರುವ ಹೋಲ್‌ಗಳೂ (ಚೆಂಡು ಹೊಡೆದುಕೊಂಡು ಹೋಗಿ ಗುಳಿಗೆ ಹಾಕುವ 18 ಹಾದಿಗಳು) ಅಕ್ಕಪಕ್ಕ ಅಂಟಿಕೊಂಡಿವೆ. ಏಳು ಗ್ರೀನ್‌ಗಳಂತೂ (ಗುಳಿ ಇರುವ ನುಣುಪು ಹುಲ್ಲಿನ ಜಾಗ) ಎರಡೆರಡು ಹೋಲ್‌ಗೆ ಸೇರಿದವು: 2ಕ್ಕೆ 16, 3ಕ್ಕೆ 15, ಹೀಗೆ ಕೂಡಿದರೆ ಪ್ರತಿ ಸಲ 18 ಬರುತ್ತದೆ. ಕೇಳಲು ಚೆಂದ, ನೋಡಲು ಬಂದವರಿಗೆ ಕಷ್ಟ. ಜನ ಕೋರ್ಸ್‌ನ ಅಂಚಿನಲ್ಲೇ ನಿಲ್ಲಬೇಕು, ಆಟ ಎಷ್ಟೋ ದೂರದಲ್ಲಿ ನಡೆಯುತ್ತಿರುತ್ತದೆ. ನೆಚ್ಚಿನ ಆಟಗಾರನ ಹಿಂದೆ ನಡೆದುಕೊಂಡು ಹೋಗುತ್ತೇನೆ ಅನ್ನುವುದು ಇಲ್ಲಿ ಅಷ್ಟು ಸುಲಭ ಅಲ್ಲ. ಗ್ರ್ಯಾಂಡ್‌ಸ್ಟ್ಯಾಂಡ್‌ನಲ್ಲಿ ಜಾಗ ಹಿಡಿದು ಕೂತು, ಬರುವವರನ್ನು ನೋಡುವುದೇ ಜಾಣತನ.

ನನ್ನ ಕೇಳಿದರೆ 17ನೇ ಹೋಲ್. ರೋಡ್ ಹೋಲ್. ಟೀ ಶಾಟ್, ಅಂದರೆ ಮೊದಲ ಹೊಡೆತ, ಹೋಟೆಲ್ ಅಂಗಳದ ಮೂಲೆಯ ಮೇಲೆ ಹಾರಿಸಬೇಕು, ಗ್ರೀನ್‌ನ ಎಡಗಡೆ ಆಳದ ಬಂಕರ್ (ಮರಳಿನ ಗುಂಡಿ), ಬಲಗಡೆ ಹಿಂದೆ ನಿಜವಾದ ರಸ್ತೆ, ಅದರಾಚೆ ಕಲ್ಲಿನ ಗೋಡೆ. 2022ರ ಕೊನೆಯ ದಿನ ಆಸ್ಟ್ರೇಲಿಯಾದ ಆಟಗಾರ ಕ್ಯಾಮರನ್ ಸ್ಮಿತ್ ಚೆಂಡು ಆ ಬಂಕರ್‌ನ ಈಚೆಗೆ ನಿಂತಿತ್ತು. ಅವನು ಚೆಂಡನ್ನು ಎತ್ತಿ ಹೊಡೆಯಲಿಲ್ಲ. ಪಟರ್ (ಚೆಂಡು ಉರುಳಿಸುವ ಕೋಲು) ತೆಗೆದುಕೊಂಡು, ಬಂಕರ್‌ನ ಅಂಚು ಬಳಸಿ ದಿಬ್ಬದ ಮೇಲೆ ಉರುಳಿಸಿ, ಗ್ರೀನ್‌ಗೆ ತಂದು ಪಾರ್ (ಆ ಹೋಲ್‌ಗೆ ನಿಗದಿಯಾದ ಹೊಡೆತದ ಲೆಕ್ಕ) ಉಳಿಸಿಕೊಂಡ. ಆಮೇಲೆ 18ರಲ್ಲಿ ಬರ್ಡಿ (ಪಾರ್‌ಗಿಂತ ಒಂದು ಹೊಡೆತ ಕಡಿಮೆ), ಆ ದಿನ ಒಟ್ಟು 64 ಹೊಡೆತ, ಕಪ್ ಅವನದು. ನೆಲ ಗಟ್ಟಿ, ಹುಲ್ಲು ಗಿಡ್ಡ, ಕೆಳಗೆ ಮರಳು, ಅದಕ್ಕೇ ಚೆಂಡು ಹೀಗೆ ಓಡುತ್ತದೆ. ನಮ್ಮ ಬೆಂಗಳೂರಿನ ಮೆತ್ತಗಿನ ಕೋರ್ಸ್‌ನಲ್ಲಿ ಜೀವಮಾನ ಆಡಿದವರಿಗೆ ಅದನ್ನು ಕಣ್ಣಾರೆ ನೋಡುವುದೇ ಒಂದು ಪಾಠ.

ಹಾಸ್ಪಿಟಾಲಿಟಿ ನಾಲ್ಕು ದಿನ ಬೇಡವೇ ಬೇಡ. ಡೇರೆಯೊಳಗೆ ಟೇಬಲ್ ಹಾಕಿ ಊಟ ಬಡಿಸುತ್ತಾರೆ, ಟಿವಿ ಇಟ್ಟಿರುತ್ತಾರೆ. ಟಿವಿ ನೋಡುವುದಕ್ಕೆ ಅಪ್ಪ ಅಷ್ಟು ದೂರ ಬರಬೇಕಾ?

ಸಾರು ಸ್ಕಾಟ್ಲೆಂಡ್

ಬರ್ಡಿ ಅವರೇ, ಅಪ್ಪನ ವಿಷಯದಲ್ಲಿ ನಿಮ್ಮ ಮಾತು ಒಪ್ಪುತ್ತೇನೆ, ಅಮ್ಮನ ವಿಷಯದಲ್ಲಿ ಇಲ್ಲ. ಮಂಡಿ ನೋವು ಇರುವವರಿಗೆ ಇಡೀ ದಿನ ಗಾಳಿಯಲ್ಲಿ ಬಯಲಲ್ಲಿ ಕೂರುವುದು ಶಿಕ್ಷೆ. ಸಮುದ್ರದ ಮೇಲಿಂದ ಬೀಸುವ ಆ ಗಾಳಿ ಜುಲೈನಲ್ಲೂ ಮೂಳೆಗೆ ತಾಗುತ್ತದೆ. ಬೆಚ್ಚಗಿನ ಜಾಗ, ಕುರ್ಚಿ, ಹತ್ತಿರದಲ್ಲೇ ಸ್ವಚ್ಛ ಶೌಚಾಲಯ, ಹೇಳಿದರೆ ಸಸ್ಯಾಹಾರ. ಇದಕ್ಕೆ ದುಡ್ಡು ಕೊಡುವುದು ದಂಡ ಅಲ್ಲ. ನನ್ನ ಸಲಹೆ: ಅಮ್ಮನೂ ಬರುವ ಒಂದೇ ಒಂದು ದಿನಕ್ಕೆ ನಾಲ್ಕೂ ಜನಕ್ಕೆ ಹಾಸ್ಪಿಟಾಲಿಟಿ ತೆಗೆದುಕೊಳ್ಳಿ, ಗುರುವಾರ ಅಥವಾ ಶುಕ್ರವಾರ. ಆ ಎರಡು ದಿನ 156 ಆಟಗಾರರೂ ಇರುತ್ತಾರೆ, ಬೆಳಗಿನಿಂದ ಸಂಜೆಯವರೆಗೆ ಆಟ ನಿಲ್ಲುವುದೇ ಇಲ್ಲ. ಶುಕ್ರವಾರ ಸಂಜೆಗೆ ಸುಮಾರು ಅರ್ಧದಷ್ಟು ಆಟಗಾರರು ಮುಂದಿನ ಸುತ್ತಿಗೆ ಅರ್ಹತೆ ಸಿಗದೆ ಮನೆಗೆ ಹೋಗುತ್ತಾರೆ.

ಉಳಿದ ದಿನ ಅಪ್ಪ ಮಕ್ಕಳು ಮಾಮೂಲಿ ಟಿಕೆಟ್‌ನಲ್ಲಿ ಹೋಗಿ. ಅಮ್ಮನಿಗೆ ಊರಲ್ಲೇ ಬೇಕಾದಷ್ಟಿದೆ. ಕಡಲ ಅಂಚಿನಲ್ಲಿ ಪಾಳು ಬಿದ್ದ ದೊಡ್ಡ ಕೆಥೀಡ್ರಲ್ ಇದೆ, ಅದರ ಅಂಗಳದಲ್ಲೇ ಹಳೇ ಕಾಲದ ಗಾಲ್ಫ್ ದಿಗ್ಗಜ ಓಲ್ಡ್ ಟಾಮ್ ಮಾರಿಸ್ ಸಮಾಧಿ. ಅರ್ಧ ಗಂಟೆ ದೂರದೊಳಗೆ ಆನ್‌ಸ್ಟ್ರದರ್, ಪಿಟನ್‌ವೀಮ್ ಅಂತ ಮೀನುಗಾರರ ಊರುಗಳು, ನೋಡಿದರೆ ಕಣ್ಣಿಗೆ ಹಬ್ಬ. ನಡೆಯಲು ಕಷ್ಟ ಇರುವವರಿಗೆ ಕೋರ್ಸ್‌ನಲ್ಲಿ ಏನೇನು ಅನುಕೂಲ ಇದೆ ಅಂತ ಟಿಕೆಟ್ ಕೈಗೆ ಬಂದ ತಕ್ಷಣ ಓಪನ್‌ನವರಿಗೇ ಬರೆದು ಕೇಳಿ.

ಬಟ್ಟೆ ಬಗ್ಗೆ ಒಂದು ಮಾತು. ದಪ್ಪ ಸ್ವೆಟರ್ ಒಂದರ ಬದಲು ತೆಳ್ಳಗಿನವು ಎರಡು ಮೂರು, ಮೇಲೊಂದು ನೀರು ಇಳಿಯದ ಜಾಕೆಟ್. ಒಂದೇ ದಿನದಲ್ಲಿ ಬಿಸಿಲು, ಜಡಿಮಳೆ, ಮತ್ತೆ ಬಿಸಿಲು ನೋಡುತ್ತೀರಿ.

ಮಲ್ಲೇಶ್ವರದ ಮಗಳು

ಅಬ್ಬಾ, ಇಷ್ಟು ವಿವರವಾಗಿ ಬರೆದಿದ್ದಕ್ಕೆ ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಏಜೆಂಟ್‌ಗೆ ಕೇಳಿದೆ. ಓಲ್ಡ್ ಕೋರ್ಸ್ ಅಲ್ಲ, "ಆ ಕಡೆಯ ಒಂದು ಕೋರ್ಸ್" ಅಂದರು. ಆ ಪ್ಯಾಕೇಜ್ ಬಿಟ್ಟೆವು. ಮನೆ ಹುಡುಕಲು ಶುರು ಮಾಡಿದ್ದೇವೆ, ಹಾಸ್ಪಿಟಾಲಿಟಿ ಒಂದು ದಿನ ಮಾತ್ರ.

ಆದರೆ ಅಪ್ಪ ಆಡುವುದು? ಸ್ಕಾಟ್ಲೆಂಡ್ ತನಕ ಹೋಗಿ ಗಾಲ್ಫ್ ಕೋಲು ಮುಟ್ಟದೆ ವಾಪಸ್ ಬಂದರೆ ನನಗೇ ಸಮಾಧಾನ ಇರುವುದಿಲ್ಲ.

ಟೇ ನದಿ ದಡದಿಂದ

ಆಡಿಸೋಣ, ಯಾಕೆ ಆಗಲ್ಲ. ಓಪನ್ ವಾರದಲ್ಲಿ ಬೇಡ, ಅದಕ್ಕೂ ಮೊದಲ ವಾರ ಇಟ್ಟುಕೊಳ್ಳಿ. ಎಡಿನ್‌ಬರೋದ ಪೂರ್ವಕ್ಕೆ ಗಲನ್, ನಾರ್ತ್ ಬೆರಿಕ್ ಇವೆ. ಎರಡೂ ಕಡಲ ದಡದ ಹಳೇ ಲಿಂಕ್ಸ್ (ಮರಳು ನೆಲದ ಗಾಲ್ಫ್ ಕೋರ್ಸ್), ನಾರ್ತ್ ಬೆರಿಕ್‌ನಲ್ಲಿ ಒಂದು ಗ್ರೀನ್ ಮುಂದೆ ಕಲ್ಲಿನ ಗೋಡೆಯೇ ಅಡ್ಡ ಇದೆ, ಅಪ್ಪ ಅದರ ಫೋಟೋ ಕ್ಲಬ್‌ನವರಿಗೆಲ್ಲಾ ತೋರಿಸುತ್ತಾರೆ ನೋಡಿ. ಆ ನಾಲ್ಕೈದು ದಿನಕ್ಕೆ ಎಡಿನ್‌ಬರೋ ಫೈವ್ ಸ್ಟಾರ್ ಹೋಟೆಲ್ ಹಾಕಿಕೊಳ್ಳಿ, ಆಗ ಅದು ನಿಜಕ್ಕೂ ಉಪಯೋಗಕ್ಕೆ ಬರುತ್ತದೆ. ಡ್ರೈವರ್ ಕಾರೂ ಆಗಲೇ ಬೇಕಾಗುವುದು. ಟೀ ಟೈಮ್ (ಆಟ ಶುರು ಮಾಡುವ ಸಮಯ) ಬೇಗ ಬುಕ್ ಮಾಡಿ, ಓಪನ್ ಅಂತ ಪ್ರಪಂಚದ ಗಾಲ್ಫ್ ಮಂದಿಯೆಲ್ಲಾ ಅದೇ ಸಮಯಕ್ಕೆ ಬರುತ್ತಾರೆ. ಕ್ಲಬ್‌ನಿಂದ ಹ್ಯಾಂಡಿಕ್ಯಾಪ್ ಪತ್ರ (ಆಟದ ಮಟ್ಟ ತೋರಿಸುವುದು) ತೆಗೆದುಕೊಂಡು ಬರಲಿ. ಒಬ್ಬ ಕ್ಯಾಡಿ ಖಂಡಿತ ಇರಲಿ, ಬ್ಯಾಗ್ ಹೊರುವುದಕ್ಕಿಂತ ಗಾಳಿ ಲೆಕ್ಕ ಹೇಳುವುದಕ್ಕೆ.

ಇನ್ನೊಂದು, ಇದು ತುಂಬಾ ಜನಕ್ಕೆ ಗೊತ್ತಿಲ್ಲ. ಓಲ್ಡ್ ಕೋರ್ಸ್ ಪಕ್ಕದಲ್ಲೇ ಹಿಮಾಲಯಾಸ್ ಅಂತ ಪಟಿಂಗ್ ಗ್ರೀನ್ (ಪಟರ್‌ನಿಂದ ಮಾತ್ರ ಆಡುವ ಜಾಗ) ಇದೆ, 1867ರಲ್ಲಿ ಶುರುವಾದ ಹೆಂಗಸರ ಪಟಿಂಗ್ ಕ್ಲಬ್‌ನದು. ಬೇರೆ ದಿನಗಳಲ್ಲಿ ಕೆಲವೇ ಪೌಂಡ್ ಕೊಟ್ಟರೆ ಯಾರು ಬೇಕಾದರೂ ಆಡಬಹುದು. ಅಲ್ಲಿ ಅಮ್ಮನ ಕೈಗೂ ಒಂದು ಪಟರ್ ಕೊಡಿ. ಓಲ್ಡ್ ಕೋರ್ಸ್‌ನಲ್ಲೇ ಆಡಬೇಕು ಅಂತಿದ್ದರೆ ಅದು ಬೇರೆ ವರ್ಷದ ಪ್ರಯಾಣ. ಎರಡು ದಿನ ಮೊದಲು ಹೆಸರು ಕೊಟ್ಟು ಲಾಟರಿ ಕಾಯಬೇಕು, ಭಾನುವಾರ ಆಟವೇ ಇಲ್ಲ, ಊರಿನವರು ಆವತ್ತು ನಾಯಿ ಕರೆದುಕೊಂಡು ಕೋರ್ಸ್‌ನ ಹುಲ್ಲಿನ ಮೇಲೆ ವಾಕಿಂಗ್ ಮಾಡುತ್ತಾರೆ.

ವೀಸಾ ವಿಚಾರ

ಎರಡೇ ವಿಷಯ ಸೇರಿಸುತ್ತೇನೆ. ಬ್ರಿಟನ್ ವೀಸಾಕ್ಕೆ ಪ್ರಯಾಣಕ್ಕೆ ಮೂರು ತಿಂಗಳು ಇರುವಾಗಿನಿಂದ ಅರ್ಜಿ ಹಾಕಬಹುದು. ಏಪ್ರಿಲ್ ಬಂದ ಕೂಡಲೇ ಹಾಕಿ, ಬೇಸಿಗೆ ರಜದ ನೂಕುನುಗ್ಗಲು ಜಾಸ್ತಿ. ಯೂರೋಪಿನ ಹಲವು ದೇಶಗಳಿಗೆ ನಡೆಯುವ ಷೆಂಗೆನ್ ವೀಸಾ ಅಲ್ಲಿ ನಡೆಯುವುದಿಲ್ಲ. ಬೆಂಗಳೂರಿನಿಂದ ಲಂಡನ್‌ಗೆ ನೇರ ವಿಮಾನ ಇದೆ, ಆದರೆ ಅಪ್ಪನ ಗಾಲ್ಫ್ ಬ್ಯಾಗ್, ಅಮ್ಮನ ಮಂಡಿ ಎರಡನ್ನೂ ನೋಡಿದರೆ ಕೊಲ್ಲಿಯ ಕಡೆ ಒಂದೇ ಸಲ ವಿಮಾನ ಬದಲಿಸಿ ಎಡಿನ್‌ಬರೋದಲ್ಲೇ ಇಳಿಯುವುದು ಸುಲಭ. ವ್ಹೀಲ್‌ಚೇರ್ ಟಿಕೆಟ್ ಮಾಡುವಾಗಲೇ ಹೇಳಿಬಿಡಿ.

ವಾಪಸ್ ಟಿಕೆಟ್ ಮಾತ್ರ ಭಾನುವಾರ ರಾತ್ರಿಗೂ ಸೋಮವಾರಕ್ಕೂ ಮಾಡಬೇಡಿ. 2015ರಲ್ಲಿ ಇದೇ ಸೇಂಟ್ ಆಂಡ್ರ್ಯೂಸ್‌ನಲ್ಲಿ ಮಳೆ ಗಾಳಿಗೆ ಆಟ ನಿಂತು ಓಪನ್ ಮುಗಿದದ್ದು ಸೋಮವಾರ. ನಮ್ಮ ದೇಶದ ಆಟಗಾರ ಅನಿರ್ಬನ್ ಲಾಹಿರಿ ಆ ಸಲ ಸಮನಾಗಿ 30ನೇ ಸ್ಥಾನ ತೆಗೆದುಕೊಂಡಿದ್ದು. ಭಾನುವಾರವೇ ಹೊರಟಿದ್ದವರು ಕೊನೆಯ ಸುತ್ತನ್ನೂ, ಸಮನಾದವರ ನಡುವಿನ ಪ್ಲೇಆಫ್ ಆಟವನ್ನೂ ಕಳೆದುಕೊಂಡರು. ಬುಧವಾರಕ್ಕೆ ಮಾಡಿ, ಮನೆ ಬಾಡಿಗೆಯನ್ನೂ ಮಂಗಳವಾರದ ತನಕ ಮಾತಾಡಿಕೊಳ್ಳಿ.