ಲಾಲ್‌ಬಾಗ್‌ನಲ್ಲಿ ನೆಟ್ಟಗೆ ನಿಲ್ಲುವ ಪಾಮ್ ನಮ್ಮ ಪಾರ್ಕಿನಲ್ಲಿ ಯಾಕೆ ಸಾಯ್ತಿದೆ?

ಗಿಡದ ಹುಚ್ಚ:
ಎಲ್ಲರಿಗೂ ನಮಸ್ಕಾರ. ನಮ್ಮ ಲೇಔಟ್ ಪಾರ್ಕಿನಲ್ಲಿ ಪಾಮ್ ಬೆಳೆಸೋಕೆ ಎರಡು ವರ್ಷದಿಂದ ಒದ್ದಾಡುತ್ತಿದ್ದೇನೆ. ಹುಚ್ಚು ಹಿಡಿಸಿದ್ದು ಲಾಲ್‌ಬಾಗ್. ಭಾನುವಾರ ವಾಕಿಂಗಿಗೆ ಹೋದಾಗಲೆಲ್ಲ ಆ ರಾಯಲ್ ಪಾಮ್‌ಗಳನ್ನು, ಸಿಮೆಂಟ್ ಕಂಬದಂಥ ಬೂದು ಕಾಂಡ, ಮೇಲೆ ನುಣುಪಾದ ಹಸಿರು ಕೊರಳು, ನೋಡಿ ನೋಡಿ ನಮ್ಮಲ್ಲೂ ನಾಲ್ಕು ಇರಲಿ ಅನಿಸಿತು. ಬೆಂಗಳೂರಿನ ಹವಾ ಹೇಗೂ ಹಿತ, ಯಾವ ಪಾಮ್ ಆದರೂ ಬರುತ್ತೆ ಅಂದುಕೊಂಡೆ. ನರ್ಸರಿಯವರೂ ಹಾಗೇ ಅಂದರು (ಅವರು ಇನ್ನೇನು ಹೇಳ್ತಾರೆ!).

ಹಾಕಿದ್ದು ಲಿಪ್‌ಸ್ಟಿಕ್ ಪಾಮ್ (ಕೆಂಪು ಕೊರಳಿನದ್ದು) 4, ರಾಯಲ್ 6. ಲಿಪ್‌ಸ್ಟಿಕ್ ನಾಲ್ಕೂ ಡಿಸೆಂಬರ್‌ನಲ್ಲಿ ಸೊರಗಿ, ಮಾರ್ಚ್ ಹೊತ್ತಿಗೆ ಗರಿಯೆಲ್ಲ ಕಂದಾಗಿ ಹೋಗೇಬಿಟ್ಟವು. ರಾಯಲ್‌ನಲ್ಲಿ ಎರಡರ ಹೊಸ ಗರಿ ಬಿಚ್ಚಿಕೊಂಡಾಗ ಯಾರೋ ಕತ್ತರಿಯಲ್ಲಿ ಕತ್ತರಿಸಿದ ಹಾಗಿದೆ. ಉಳಿದವುಗಳ ಕೆಳಗಿನ ಗರಿ ಹಳದಿ ಆಗುತ್ತೆ, ನಾನು ಪ್ರತಿ ತಿಂಗಳೂ ಕಡಿಸ್ತಿದ್ದೇನೆ. ಎಲ್ಲಿ ತಪ್ಪುತ್ತಿದೆ? ಕಮಿಟಿಯವರು ನನ್ನನ್ನು ಕಂಡರೆ ಮುಖ ತಿರುಗಿಸ್ತಾರೆ.

ಹಳೇ ಮಾಲಿ:
ಸರ್, ಮೊದಲು ಆ ಕತ್ತಿ ಒಳಗಿಡಿ.

ಕೆಳಗರಿ ಹಳದಿ ಆಗೋದು ಸಾಮಾನ್ಯವಾಗಿ ಪೊಟ್ಯಾಷ್ ಸಾಲದೆ. ಹೊಸ ಗರಿಗೆ ಬೇಕಾದ್ದನ್ನು ಗಿಡ ಹಳೇ ಗರಿಯಿಂದಲೇ ಎಳೆದುಕೊಳ್ಳುತ್ತೆ. ನೀವು ಆ ಹಳೇ ಗರಿ ಕಡಿದರೆ ಅದಕ್ಕೆ ಇದ್ದ ಗಂಟೂ ಹೋಯ್ತು, ಆಮೇಲೆ ಅದರ ಮೇಲಿನ ಗರಿಗೆ ಕೈ ಹಾಕುತ್ತೆ. ನೀವು ಅದನ್ನೂ ಕಡಿಸ್ತೀರಿ. ಪೂರ್ತಿ ಒಣಗಿದ್ದನ್ನು ಬಿಟ್ಟು ಬೇರೆ ಮುಟ್ಟಬೇಡಿ. ರಾಯಲ್ ಅಂತೂ ಒಣಗಿದ ಗರಿಯನ್ನು ತಾನೇ ಉದುರಿಸುತ್ತೆ. ಉದುರಿಸುತ್ತೆ ಅಂತ ಸುಲಭವಾಗಿ ಹೇಳಿಬಿಟ್ಟೆ, ದೊಡ್ಡ ಮರದ ಒಂದು ಗರಿ ಹತ್ತು ಕಿಲೋಗೂ ಜಾಸ್ತಿ ತೂಗುತ್ತೆ. ಕೆಳಗೆ ಮಕ್ಕಳ ಜಾರುಬಂಡೆ, ಬೆಂಚು ಇದ್ದರೆ ಈಗಲೇ ಯೋಚಿಸಿ.

ಕತ್ತರಿಸಿದ ಹಾಗೆ ಕಾಣೋದು ಕುರುವಾಯಿ ದುಂಬಿ ಕೆಲಸ. ತೆಂಗಿಗೆ ಬರುತ್ತಲ್ಲ, ಮೂಗಿನ ಮೇಲೆ ಕೊಂಬಿರೋ ಕಪ್ಪು ದುಂಬಿ, ಅದೇ. ಗರಿ ಇನ್ನೂ ಮಡಚಿಕೊಂಡು ಸುಳಿಯಲ್ಲಿದ್ದಾಗ ಒಂದು ತೂತು ಕೊರೆಯುತ್ತೆ. ಬಿಚ್ಚಿದಾಗ ಆ ಒಂದು ತೂತು ಎರಡೂ ಕಡೆ ಸಾಲಾಗಿ ಕಾಣುತ್ತೆ, ಮಕ್ಕಳು ಕಾಗದ ಮಡಚಿ ಕತ್ತರಿಸ್ತಾರಲ್ಲ, ಹಾಗೆ. ಸುಳಿ ಪಕ್ಕ ಜಗಿದ ನಾರು ಹೊರಗೆ ಬಂದಿದ್ದರೆ ದುಂಬಿ ಒಳಗೇ ಇದೆ. ಕೊಕ್ಕೆ ಕಂಬಿ ಹಾಕಿ ಎಳೀರಿ. ಆಮೇಲೆ ಸುಳಿ ಸುತ್ತಲಿನ ಮೂರು ಗರಿಗಳ ಬುಡದ ಸಂದಿಗೆ ಬೇವಿನ ಹಿಂಡಿ, ಮರಳು ಸಮ ಸಮ ಬೆರೆಸಿ ತುಂಬಿ. ನುಸಿಗುಳಿಗೆ (ಬಟ್ಟೆ ಮಧ್ಯೆ ಇಡೋ ನ್ಯಾಫ್ತಲೀನ್ ಗುಂಡು) ಮೂರ್ನಾಲ್ಕು ಇಟ್ಟು ಮೇಲೆ ಮರಳು ಹಾಕಿದರೂ ನಡೆಯುತ್ತೆ. ಪಾಮ್‌ಗೆ ಇರೋದು ಒಂದೇ ಸುಳಿ, ಅದು ಹೋದರೆ ಮಾವಿನ ಹಾಗೆ ಪಕ್ಕದಿಂದ ಚಿಗುರೋದಿಲ್ಲ. ಮತ್ತೆ, ಪಾರ್ಕಿನಲ್ಲಿ ಎಲೆ ಗೊಬ್ಬರದ ಗುಂಡಿ ಇದೆಯಾ? ಆ ದುಂಬಿ ಮರಿ ಮಾಡೋದು ಅಲ್ಲೇ.

ಇನ್ನೊಂದು. ಸೀರಿಯಲ್ ಲೈಟ್ ಸೆಟ್ ಕಟ್ಟೋಕೆ ಕಾಂಡಕ್ಕೆ ಮೊಳೆ ಹೊಡೀಬೇಡಿ. ಪಾಮ್ ಕಾಂಡಕ್ಕೆ ಆದ ಗಾಯ ಮುಚ್ಚೋದಿಲ್ಲ, ಆ ತೂತು ಕೊನೆವರೆಗೂ ಹಾಗೇ ಇರುತ್ತೆ. ಕೆಂಪು ಮೂತಿ ಹುಳು ಇಂಥ ಗಾಯ ಹುಡುಕಿಕೊಂಡು ಬಂದು ಮೊಟ್ಟೆ ಇಡುತ್ತೆ. ಕಾಂಡಕ್ಕೆ ಕಿವಿ ಕೊಟ್ಟರೆ ಒಳಗೆ ಕರಕರ ಮೇಯೋ ಸದ್ದು ಕೇಳುತ್ತೆ. ಒಂದು ಸಲ ಕೇಳಿದ್ದೇನೆ, ಮೈ ಜುಮ್ ಅಂತು.

ಮಂಜಿನೂರು:
ನಾನಿರೋದು ಸ್ಯಾನ್ ಫ್ರಾನ್ಸಿಸ್ಕೋದಲ್ಲಿ, ಹುಟ್ಟಿದ್ದು ಬಸವನಗುಡಿ. "ಹವಾ ಹಿತವಾಗಿದೆ, ಯಾವುದಾದರೂ ಬರುತ್ತೆ" ಅನ್ನೋದು ಇಲ್ಲಿನವರೂ ಮಾಡೋ ತಪ್ಪೇ. ಇಲ್ಲಿ ಮಂಜುಗಡ್ಡೆ ಕಟ್ಟೋ ಚಳಿ ಅಪರೂಪ, ಆದರೂ ತೆಂಗು ಬರೋದಿಲ್ಲ. ಅದಕ್ಕೆ ಬೇಕಾದ ಸೆಕೆಯೇ ಇಲ್ಲ. ಜುಲೈನಲ್ಲೂ ಸ್ವೆಟರ್ ಹಾಕಿ ಓಡಾಡೋ ಊರು ಇದು. ಆದರೆ ಗೋಲ್ಡನ್ ಗೇಟ್ ಪಾರ್ಕಿನ ಬೊಟಾನಿಕಲ್ ಗಾರ್ಡನ್‌ಗೆ ಹೋದರೆ ಕೊಲಂಬಿಯಾದ ಮೇಣದ ಪಾಮ್ ಇದೆ. ಆಂಡೀಸ್ ಬೆಟ್ಟದ ಮೋಡದಲ್ಲಿ ಬೆಳೆಯೋ ಮರ, ಜಗತ್ತಿನಲ್ಲೇ ಅತಿ ಎತ್ತರದ ಪಾಮ್, ತವರಲ್ಲಿ 45 ಮೀಟರ್ ದಾಟುತ್ತೆ. ನ್ಯೂಜಿಲೆಂಡಿನ ನಿಕಾವ್ ಕೂಡ ಈ ಮಂಜಿನಲ್ಲಿ ಹಾಯಾಗಿರುತ್ತೆ. ಅವನ್ನು ಬೆಂಗಳೂರಿಗೆ ತಂದರೆ ಏಪ್ರಿಲ್ ಬಿಸಿಲಿಗೆ ಸುಸ್ತು.

ನಿಮ್ಮ ಲಿಪ್‌ಸ್ಟಿಕ್ ಕಥೆ ಇದರ ಉಲ್ಟಾ. ಅದು ಮಲಯ, ಸುಮಾತ್ರಾ, ಬೋರ್ನಿಯೋ ಕಡೆಯ ಜೌಗು ನೆಲದ್ದು. ಕಾಲು ಸದಾ ನೀರಲ್ಲಿ, ಮೈಗೆ ಸದಾ ಬೆವರು. ಬೆಂಗಳೂರು 900 ಮೀಟರ್ ಎತ್ತರದಲ್ಲಿದೆ, ಜನವರಿ ರಾತ್ರಿ 15 ಡಿಗ್ರಿ, ಮಾರ್ಚ್‌ನಲ್ಲಿ ತುಟಿ ಒಡೆಯೋ ಒಣಗಾಳಿ. ನಿಮ್ಮ ಆರೈಕೆಯ ತಪ್ಪಲ್ಲ ಬಿಡಿ. ಮಂಗಳೂರಿನಲ್ಲಿ ಹಾಕಿದ್ದರೆ ಬದುಕ್ತಿತ್ತೇನೋ.

ಆಮೇಲೆ, ಗರಿ ಕಡಿಯೋ ಗರಗಸ ಒಂದು ಮರದಿಂದ ಇನ್ನೊಂದಕ್ಕೆ ಹೋಗೋ ಮೊದಲು ತೊಳೆಸಿ. ಕ್ಯಾಲಿಫೋರ್ನಿಯಾದಲ್ಲಿ ಎಷ್ಟೋ ಕ್ಯಾನರಿ ಪಾಮ್‌ಗಳಿಗೆ ಸೊರಗು ರೋಗ ಹರಡಿದ್ದು ಗರಗಸದಿಂದಲೇ.

ಬೈನೆ ಗೌಡ:
ಎಲ್ಲರೂ ಕೊಲಂಬಿಯಾದ ಪಾಮ್, ನ್ಯೂಜಿಲೆಂಡಿನ ಪಾಮ್ ಅಂತೀರಿ. ನಮ್ಮ ಮಲೆನಾಡಿನ ಬೈನೆ ಯಾಕೆ ಬೇಡ? ಬಗನಿ ಅಂತಲೂ ಅಂತಾರೆ. ಎಲೆ ಮೀನಿನ ಬಾಲದ ಹಾಗೆ, ಹೂಗೊಂಚಲು ಬಿಟ್ಟರೆ ಜಡೆ ಇಳಿಬಿಟ್ಟ ಹಾಗೆ. ಬೆಂಗಳೂರಿನಲ್ಲಿ ಚೆನ್ನಾಗೇ ಬರುತ್ತೆ. ಆದರೆ ಎರಡು ಮಾತು. ಮೊದಲ ಗೊಂಚಲು ತುದಿಯಲ್ಲಿ ಬರುತ್ತೆ, ಆಮೇಲೆ ವರ್ಷ ವರ್ಷ ಕೆಳಗಿಳೀತಾ ಬರುತ್ತೆ, ಬುಡದ ಹತ್ತಿರ ಬಂತು ಅಂದ್ರೆ ಮರದ ಲೆಕ್ಕ ಮುಗೀತು. ಇನ್ನು ಹಣ್ಣು ಬರಿಗೈಯಲ್ಲಿ ಹಿಸುಕಬೇಡಿ. ಬೀಜ ಮಾಡೋಣ ಅಂತ ನಾನು ಚಿಕ್ಕವನಿದ್ದಾಗ ಒಂದು ಬೊಗಸೆ ಹಿಸುಕಿದ್ದೆ, ರಾತ್ರಿಯೆಲ್ಲ ಕೈ ಕೆರೆದುಕೊಂಡು ಅಜ್ಜಿ ಹತ್ತಿರ ಬೈಸಿಕೊಂಡೆ.

ಗಿಡದ ಹುಚ್ಚ:
ಮಾಲಿಯವರೇ, ಗುಂಡಿ ಇದೆ. ಪಾಮ್ ಸಾಲಿನಿಂದ ಹತ್ತೇ ಹೆಜ್ಜೆ. ಇವತ್ತು ಸಂಜೆ ಸಲಿಕೆ ಹಾಕಿ ಕೆದಕಿದೆ. ಹೆಬ್ಬೆರಳು ಗಾತ್ರದ ಬಿಳಿ ಹುಳ, ಸುರುಳಿ ಸುತ್ತಿಕೊಂಡು, ಎಣಿಸಿದ್ದು 23. ಎಲ್ಲ ಆರಿಸಿ ಹೊರಗೆ ಹಾಕಿದ್ದಕ್ಕೆ ಕಾಗೆಗಳಿಗೆ ಹಬ್ಬ. ಒಂದು ರಾಯಲ್‌ನ ಸುಳಿಯಿಂದ ದುಂಬಿಯೂ ಸಿಕ್ಕಿತು. ಇನ್ನೊಂದರ ಸುಳಿ ಎಳೆದರೆ ಕೈಗೇ ಬಂತು, ಕೊಳೆತ ವಾಸನೆ. ಅದು ಹೋಯ್ತು ಅಂತಲೇ ಅಲ್ವಾ?

ಲಿಪ್‌ಸ್ಟಿಕ್ ಜಾಗಕ್ಕೆ ಬೈನೆ ಎರಡು ಹಾಕೋಣ ಅಂತಿದ್ದೇನೆ. ಹತ್ತಡಿ ಎತ್ತರದ್ದೇ ತರಲಾ?

ಹಳೇ ಮಾಲಿ:
ಸುಳಿ ಕೈಗೆ ಬಂತು ಅಂದ್ರೆ ಆಸೆ ಕಮ್ಮಿ. ಆದರೂ ಕೊಳೆತಿದ್ದನ್ನು ಕೆರೆದು ಬೋರ್ಡೋ ಮುಲಾಮು (ಮೈಲುತುತ್ತ, ಸುಣ್ಣ ಕಲಸಿದ್ದು) ಹಚ್ಚಿ, ಮಳೆ ನೀರು ಒಳಗೆ ಇಳಿಯದ ಹಾಗೆ ಮುಚ್ಚಿಡಿ. ಕೆಲವು ತಿಂಗಳು ಕಾಯಿರಿ, ತಕ್ಷಣ ಕೀಳಬೇಡಿ.

ಹತ್ತಡಿಯದ್ದು ಬೇಡ ಸರ್, ದುಡ್ಡು ದಂಡ. ಮೊಣಕಾಲೆತ್ತರದ ಸಸಿ ತನ್ನಿ. ಜೂನ್‌ನಲ್ಲಿ ಎರಡು ಹದ ಮಳೆ ಆದಮೇಲೆ ನೆಡಿ. ಚೀಲದಲ್ಲಿ ಮಣ್ಣು ಎಲ್ಲಿವರೆಗೆ ಇತ್ತೋ ಅಲ್ಲಿವರೆಗೇ ಹೂಳಬೇಕು, ಗಟ್ಟಿಯಾಗಿ ನಿಲ್ಲಲಿ ಅಂತ ಆಳಕ್ಕೆ ಇಳಿಸಿದರೆ ಉಸಿರು ಕಟ್ಟುತ್ತೆ. ಆ ಗೊಬ್ಬರದ ಗುಂಡಿಗೆ ಬಲೆ ಹೊದಿಸಿ, ಇಲ್ಲಾಂದ್ರೆ ಮುಂದಿನ ವರ್ಷ ಮತ್ತೆ 23 ಎಣಿಸ್ತೀರಿ.