‘ಜ್ವಾಲಾಮುಖಿಯ ಬೂದಿ’: ಈ ಬಳಕೆ ಎಷ್ಟು ಸರಿ?

1991ರ ಜೂನ್ 15ರಂದು ಫಿಲಿಪ್ಪೀನ್ಸಿನ ಲುಝಾನ್ ದ್ವೀಪದಲ್ಲಿ ಪಿನಾಟುಬೊ ಪರ್ವತ ಸಿಡಿದುದರ ಪರಿಣಾಮಗಳನ್ನು ಕುರಿತು ಪ್ರೌಢಶಾಲೆಯ ಮಕ್ಕಳಿಗಾಗಿ ಲೇಖನವೊಂದನ್ನು ಸಿದ್ಧಪಡಿಸುತ್ತಿದ್ದೇನೆ. ಅದರಲ್ಲಿ ಮತ್ತೆ ಮತ್ತೆ ಬರುವ ಪದ ‘ಬೂದಿ’. ಪತ್ರಿಕೆಗಳು ‘ಜ್ವಾಲಾಮುಖಿಯ ಬೂದಿ’ ಎಂದೇ ಬರೆಯುತ್ತ ಬಂದಿರುವುದರಿಂದ ಅದನ್ನೇ ಇಟ್ಟುಕೊಳ್ಳಬಹುದಿತ್ತು. ಆದರೆ ವಿವರಕ್ಕಿಳಿದಂತೆಲ್ಲ ಈ ಪದ ಓದುಗರನ್ನು ಎರಡು ಕಡೆ ದಾರಿ ತಪ್ಪಿಸುತ್ತದೆಯೆಂದು ನನಗೆ ತೋರುತ್ತಿದೆ.

ಮೊದಲನೆಯದು ವಸ್ತುವಿನ ಸ್ವರೂಪಕ್ಕೆ ಸಂಬಂಧಿಸಿದ್ದು. ಕನ್ನಡದಲ್ಲಿ ಬೂದಿಯೆಂದರೆ ಸುಟ್ಟ ಮೇಲೆ ಉಳಿದದ್ದು. ‘ಬೂದಿ ಮುಚ್ಚಿದ ಕೆಂಡ’ ಎನ್ನುವಾಗ ಊದಿದರೆ ಹಾರಿಹೋಗುವ ಹಗುರವಾದ ಹೊದಿಕೆಯೇ ನಮ್ಮ ಮನಸ್ಸಿನಲ್ಲಿರುತ್ತದೆ. ಪಿನಾಟುಬೊವಿನಿಂದ ಹೊಮ್ಮಿದ್ದು ಏನನ್ನೂ ಸುಟ್ಟು ಉಳಿದದ್ದಲ್ಲ. ಶಿಲಾರಸದಲ್ಲಿ ಕರಗಿದ್ದ ಅನಿಲಗಳು ಒತ್ತಡ ಇಳಿದೊಡನೆ ಹಿಗ್ಗಿ ಆ ರಸವನ್ನೇ ಚೂರುಚೂರು ಮಾಡುತ್ತವೆ. ಹಾಗೆ ಸಿಡಿದು ತಣಿದ ಗಾಜಿನ ಚೂರು, ಖನಿಜದ ಹರಳು, ಹಳೆಯ ಬಂಡೆಯ ಪುಡಿ ಇವುಗಳಲ್ಲಿ 2 ಮಿಲಿಮೀಟರಿಗಿಂತ ಸಣ್ಣವಾದುವನ್ನೆಲ್ಲ ಭೂವಿಜ್ಞಾನಿಗಳು ಒಟ್ಟಾಗಿ ‘ಬೂದಿ’ ಎಂಬ ಹೆಸರಿನಿಂದ ಕರೆಯುತ್ತಾರೆ. ಅದು ನೀರಿನಲ್ಲಿ ಕರಗದು. ಅದರ 10 ಸೆಂಟಿಮೀಟರ್ ದಪ್ಪದ ಪದರ ನೆನೆದರೆ ಚದರ ಮೀಟರಿಗೆ 100ರಿಂದ 200 ಕಿಲೋಗ್ರಾಂ ತೂಗುತ್ತದೆ. ಪಿನಾಟುಬೊ ಸಿಡಿದ ದಿನವೇ ಯೂನ್ಯಾ ಚಂಡಮಾರುತವೂ ಅಲ್ಲಿಗೆ ಬಂದು ಮಳೆ ಸುರಿಸಿತು. ಆಗ ಸತ್ತವರಲ್ಲಿ ಹೆಚ್ಚಿನವರನ್ನು ಕೊಂದದ್ದು ಬೆಂಕಿಯಲ್ಲ, ನೆನೆದ ಪುಡಿಯ ಭಾರಕ್ಕೆ ಕುಸಿದ ಚಾವಣಿ. 1982ರಲ್ಲಿ ಜಾವಾದ ಗಲುಂಗುಂಗ್ ಉಗುಳಿದ ಮೋಡವನ್ನು ಹೊಕ್ಕ ಜಂಬೋ ಜೆಟ್ ವಿಮಾನದ ನಾಲ್ಕೂ ಎಂಜಿನ್‌ಗಳು ನಿಂತುಹೋದುದಕ್ಕೂ ಈ ಗಾಜೇ ಕಾರಣ: ಎಂಜಿನ್ನಿನ ಕಾವಿಗೆ ಕರಗಿ ಒಳಗೆ ಅಂಟಿಕೊಂಡಿತ್ತು. ‘ಬೂದಿ ಕರಗಿತು’ ಎಂದು ಬರೆದರೆ ಯಾವ ಹುಡುಗಿ ನಂಬಿಯಾಳು?

ನಮ್ಮ ಕಡೆ ಇನ್ನೂ ಒಂದು ಗೊಂದಲವಿದೆ. ಬಳ್ಳಾರಿಯ ಕುಡತಿನಿ ಮೊದಲಾದೆಡೆ ಇರುವ ‘ಬೂದಿದಿಬ್ಬ’ಗಳು ನವಶಿಲಾಯುಗದ ದನಗಾಹಿಗಳು ಸುಟ್ಟ ಸಗಣಿಯ ರಾಶಿಗಳು, ಅವು ನಿಜವಾದ ಬೂದಿ. ಅಲ್ಲಿಂದ ಬಹಳ ದೂರವೇನಲ್ಲದ ಕರ್ನೂಲು ಸೀಮೆಯ ಜ್ವಾಲಾಪುರಂನಲ್ಲಿ ಕೆಲವೆಡೆ ಎರಡು ಮೀಟರಿಗೂ ದಪ್ಪವಾಗಿ ಕೂತಿರುವುದು ಸುಮಾರು 74,000 ವರ್ಷಗಳ ಹಿಂದೆ ಸುಮಾತ್ರಾದ ಟೋಬಾ ಸಿಡಿದಾಗ ಹಾರಿಬಂದ ಪುಡಿ. (ಊರಿನ ಹೆಸರಿಗೂ ಇದಕ್ಕೂ ನಂಟು ಹುಡುಕುವ ಆಸೆ ಯಾರಿಗೂ ಬೇಡ.) ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯದ ರವಿ ಕೋರಿಶೆಟ್ಟರ್ ಅವರೂ ಇದ್ದ ತಂಡ ಅಲ್ಲಿ ಈ ಪದರದ ಕೆಳಗೂ ಮೇಲೂ ಕಲ್ಲಿನ ಆಯುಧಗಳನ್ನು ಕಂಡಿತು. ಎರಡನ್ನೂ ‘ಬೂದಿ’ ಎಂದರೆ, ಒಂದೇ ಪ್ರಾಂತದ ಎರಡು ಪೂರ್ತಿ ಬೇರೆ ಸಂಗತಿಗಳು ಓದುಗರಲ್ಲಿ ಕಲಸಿಹೋಗುತ್ತವೆ.

‘ಭಸ್ಮ’ ಎಂದೊಡನೆ ವಿಭೂತಿ ನೆನಪಾಗುವುದರಿಂದ ಅದು ಬೇಡ. ‘ದೂಳು’ ತೀರ ಹಗುರ. ‘ಕಲ್ಲುಪುಡಿ’ ಅಥವಾ ಕರಾವಳಿಯವರ ‘ಕಲ್ಲುಹುಡಿ’ ನನಗೆ ಒಪ್ಪಿಗೆಯಾಗಿದೆ. ಜಲ್ಲಿ ಕ್ರಷರಿನ ನೆನಪು ತರುತ್ತದೆಂಬ ಆಕ್ಷೇಪಣೆ ಬರಬಹುದು, ಆದರೆ ಆ ನೆನಪು ಒಲೆಯ ನೆನಪಿಗಿಂತ ವಸ್ತುವಿಗೆ ಹತ್ತಿರವಾದುದು.

ಎರಡನೆಯ ತೊಡಕು ಇದಕ್ಕಿಂತ ದೊಡ್ಡದು. ಇಂಡೊನೇಷ್ಯಾದ ಸುಂಬಾವ ದ್ವೀಪದ ತಂಬೋರಾ ಜ್ವಾಲಾಮುಖಿ 1815ರ ಏಪ್ರಿಲ್‌ನಲ್ಲಿ ಸಿಡಿದು, ಮರುವರ್ಷ ಯೂರೋಪಿನಲ್ಲೂ ಈಶಾನ್ಯ ಅಮೆರಿಕದಲ್ಲೂ ಬೇಸಿಗೆಯೇ ಬಾರದೆ ಬೆಳೆ ಹೋದುದನ್ನು ವಿವರಿಸುವಾಗ ‘ಬೂದಿ ಸೂರ್ಯನನ್ನು ಮುಚ್ಚಿತು’ ಎಂದು ಬರೆಯುವುದು ರೂಢಿ. ಆದರೆ ಪುಡಿಯ ಬಹುಪಾಲು ಕೆಲವು ದಿನ, ವಾರಗಳಲ್ಲಿ ನೆಲ ಸೇರುತ್ತದೆ. ವರ್ಷಗಟ್ಟಲೆ ಉಳಿಯುವುದು ಬೇರೆ: ಮೇಲಕ್ಕೆ ಚಿಮ್ಮಿದ ಗಂಧಕದ ಡೈಆಕ್ಸೈಡ್ ಸಮೋಷ್ಣ ಮಂಡಲದಲ್ಲಿ (ಮಳೆಮೋಡಗಳಿಗೂ ಮೇಲಿನ ವಾಯುಪದರದಲ್ಲಿ) ನೀರಾವಿಯೊಡನೆ ಸೇರಿ ಗಂಧಕಾಮ್ಲದ ಅತಿಸೂಕ್ಷ್ಮ ಹನಿಗಳಾಗುತ್ತದೆ, ಅವು ಬಿಸಿಲಿನ ಒಂದು ಪಾಲನ್ನು ಹಿಂದಕ್ಕೆ ಚೆದರಿಸುತ್ತವೆ. ಮಳೆಯ ಮೋಡಗಳು ಅಷ್ಟು ಎತ್ತರದಲ್ಲಿ ಇಲ್ಲದಿರುವುದರಿಂದ ಅವನ್ನು ತೊಳೆಯುವವರಿಲ್ಲ. ಪಿನಾಟುಬೊ ಒಂದೂವರೆಯಿಂದ ಎರಡು ಕೋಟಿ ಟನ್ನಿನಷ್ಟು ಈ ಅನಿಲವನ್ನು ಮೇಲಕ್ಕೆ ಕಳುಹಿಸಿ, 1992ರ ಹೊತ್ತಿಗೆ ಭೂಮಿಯನ್ನು ಸರಾಸರಿ ಅರ್ಧ ಡಿಗ್ರಿಯಷ್ಟು ತಣಿಸಿತ್ತು.

ಈ ಹನಿಗಳ ಹೊದಿಕೆಗೆ ‘ಏರೋಸಾಲ್’ ಎಂದು ಬಿಟ್ಟುಬಿಡಬಹುದು, ಆದರೆ ಮಕ್ಕಳಿಗೆ ಅದೇನನ್ನೂ ಹೇಳದು. ‘ಮಂಜು’, ‘ಕಾವಳ’ ಎಂದರೆ ಬಿಸಿಲೇರಿದಾಗ ಚೆದರುವಂಥದ್ದು ಎಂಬ ಅರ್ಥ ಅಂಟಿಕೊಂಡಿದೆ. ‘ಆಮ್ಲಮಬ್ಬು’ ಹೇಗೆ? ‘ಮಬ್ಬು’ ಬೆಳಕು ಕುಂದುವುದನ್ನು ಸೂಚಿಸುತ್ತದೆ, ಎಷ್ಟು ಹೊತ್ತೆಂದು ಕಟ್ಟುಹಾಕುವುದಿಲ್ಲ. ಇದಕ್ಕಿಂತ ಒಳ್ಳೆಯ ಪದ ಎಲ್ಲಾದರೂ ಬಳಕೆಯಲ್ಲಿದ್ದರೆ ತಿಳಿಸಬೇಕಾಗಿ ಕೋರುತ್ತೇನೆ.

ಇದರ ಜೊತೆಗೆ, ಸಿಡಿತದ ನಂತರ ಹಲವು ಮಳೆಗಾಲಗಳವರೆಗೆ ಪಿನಾಟುಬೊ ತಪ್ಪಲಿನ ಊರುಗಳನ್ನು ಹೂಳುತ್ತಿದ್ದ ಕೆಸರಿನ ಪ್ರವಾಹಕ್ಕೆ ಜಾವಾ ಭಾಷೆಯಿಂದ ಬಂದ ‘ಲಹಾರ್’ ಎಂಬ ಹೆಸರೇ ಜಗತ್ತಿನೆಲ್ಲೆಡೆ ನಡೆಯುತ್ತಿದೆ. ಕನ್ನಡದ ಕಿವಿಗೆ ಅದು ‘ಲಹರಿ’ಯಂತೆ ಕೇಳುವುದರಿಂದ ನಾನು ‘ಕೆಸರುಹೊನಲು’ ಎಂದು ಬರೆದಿದ್ದೇನೆ. ಮೂಲ ಪದವನ್ನೇ ಉಳಿಸಬೇಕೆನ್ನುವವರು ಕಾರಣ ಹೇಳಿದರೆ ಬದಲಿಸಲು ಸಿದ್ಧನಿದ್ದೇನೆ.